ಹೊಸ ಬೆಕ್ಕಿನ ಮರಿಯನ್ನು ಮನೆಗೆ ತಂದಾಗ ಅನುಸರಿಸಬೇಕಾದ ಪ್ರತ್ಯೇಕವಾಸ ಕ್ರಮ

ದವಸಧಾನ್ಯ ತುಂಬಿಟ್ಟ ರೈತನ ಮನೆಯಲ್ಲಿ ಒಂದೆರಡು ಬೆಕ್ಕುಗಳಿರುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಕಣಜ, ಅಟ್ಟ, ಕೊಟ್ಟಿಗೆಗಳಲ್ಲಿ ಬೆಕ್ಕಿನ ಓಡಾಟವಿದ್ದರೆ ಇಲಿಗಳ ಹಾವಳಿ ಸಂಪೂರ್ಣವಾಗಿ ನಿಲ್ಲದಿದ್ದರೂ ತಕ್ಕಮಟ್ಟಿಗೆ ಹತೋಟಿಯಲ್ಲಿರುತ್ತದೆ. ಹೀಗಿರುವಾಗ ರಸ್ತೆಯ ಬದಿಯಲ್ಲೋ ಸಂತೆಯ ಮೂಲೆಯಲ್ಲೋ ತಬ್ಬಲಿಯಾಗಿ ಕೂಗುತ್ತಿದ್ದ ಮರಿಯನ್ನು ಮನೆಯ ಮಕ್ಕಳು ಮರುಕದಿಂದ ಎತ್ತಿ ತರುವುದೂ ಸಾಮಾನ್ಯ. ಮರುಕ ಒಳ್ಳೆಯದೇ. ಆದರೆ ತಂದ ಮರಿಯನ್ನು ಅದೇ ದಿನ ಮನೆಯ ಬೆಕ್ಕುಗಳ ಜೊತೆ ಒಂದೇ ತಟ್ಟೆಗೆ ಬಿಡುವುದು ಅಪಾಯಕರ. ಇದರಿಂದ ಹೊಸ ಮರಿಯೂ ಹಳೆಯ ಬೆಕ್ಕುಗಳೂ ಒಟ್ಟಿಗೇ ನಷ್ಟವಾಗುವ ಸಂಭವವುಂಟು. ಇದನ್ನು ತಪ್ಪಿಸುವ ಸರಳ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬೇಸಾಯಶಾಸ್ತ್ರದ ಅಧ್ಯಾಪಕನು ಬೆಕ್ಕಿನ ವಿಷಯ ಬರೆಯುವುದೇಕೆಂದು ಓದುಗರು ಕೇಳಬಹುದು. ಅದಕ್ಕೆ ನಮ್ಮ ಊರಿನ ಮನೆಯಲ್ಲಿ ನಡೆದ ಸಂಗತಿಯೇ ಕಾರಣ.

ನಮ್ಮ ಮನೆಯ ಅನುಭವ

2016ರ ಬೇಸಿಗೆಯಲ್ಲಿ ನನ್ನ ಮಗ ಸಂತೆಯಿಂದ ಬರುವಾಗ ಸುಮಾರು ಎರಡು ತಿಂಗಳ ಮರಿಯೊಂದನ್ನು ಚೀಲದಲ್ಲಿಟ್ಟುಕೊಂಡು ಬಂದ. ಆಗ ಮನೆಯಲ್ಲಿ ಒಂದು ತಾಯಿಬೆಕ್ಕು ಮತ್ತು ಅದರ ಮೂರು ತಿಂಗಳ ಮೂರು ಮರಿಗಳಿದ್ದವು. ಎಲ್ಲಕ್ಕೂ ಒಂದೇ ತಟ್ಟೆಯಲ್ಲಿ ಹಾಲನ್ನ ಹಾಕಿದೆವು. ನಾಲ್ಕನೆಯ ದಿನ ಹೊಸ ಮರಿ ಊಟ ಬಿಟ್ಟಿತು, ವಾಂತಿ ಮಾಡಿಕೊಂಡಿತು. ನೀರಿನ ಬಟ್ಟಲಿನ ಮೇಲೆ ಮೂತಿಯಿಟ್ಟು ಕುಳಿತಿತ್ತೇ ಹೊರತು ಕುಡಿಯಲಿಲ್ಲ. ಆರನೆಯ ದಿನ ಸತ್ತಿತು. ವಾರ ಕಳೆಯುವಷ್ಟರಲ್ಲಿ ಮನೆಯ ಮರಿಗಳೂ ಅದೇ ರೀತಿ ಮಂಕಾಗಿ, ನಾಲ್ಕು ದಿನಗಳ ಒಳಗೆ ಮೂರೂ ಹೋದವು. ತಾಯಿಬೆಕ್ಕು ಎರಡು ದಿನ ಊಟ ಬಿಟ್ಟು ಚೇತರಿಸಿಕೊಂಡಿತು.

ಪಕ್ಕದ ಮನೆಯವರು ಇಲಿಪಾಷಾಣ ಇಟ್ಟಿರಬೇಕೆಂದು ನಮ್ಮ ತಾಯಿಯವರು ನಂಬಿದರು. ನಾನೂ ಹಾಗೆಯೇ ಭಾವಿಸಿದೆ. ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ಮೂರು ತಿಂಗಳ ಮೇಲೆ ತಂಗಿಯ ಊರಿನಿಂದ ಇನ್ನೊಂದು ಆರೋಗ್ಯವಂತ ಮರಿಯನ್ನು ತಂದು ಅದೇ ಬುಟ್ಟಿಯಲ್ಲಿ, ಅದೇ ಗೋಣಿಯ ಮೇಲೆ ಮಲಗಿಸಿದೆವು. ಎಂಟನೆಯ ದಿನ ಅದೂ ಸತ್ತಿತು. ಆಗ ಪಶುವೈದ್ಯರಿಗೆ ತೋರಿಸಿದಾಗ, ಇದು ಪಾಷಾಣವಲ್ಲ, ಮೊದಲ ಮರಿಯೊಡನೆ ಬಂದ ಅಂಟುರೋಗ ಬುಟ್ಟಿ ಮತ್ತು ಗೋಣಿಯಲ್ಲಿ ಉಳಿದುಕೊಂಡಿದೆ ಎಂದು ತಿಳಿಸಿದರು. ನಮ್ಮ ತಾಯಿಯವರು ಅಂದು ಸಂಜೆಯೇ ಪಕ್ಕದ ಮನೆಗೆ ಹೋಗಿ ಮಾತನಾಡಿಸಿ ಬಂದರು. ಆ ಮಳೆಗಾಲದಲ್ಲಿ ರಾಗಿಯ ಚೀಲಗಳನ್ನು ಇಲಿಗಳು ಕಡಿದ ಲೆಕ್ಕ ಬೇರೆಯೇ ಆಯಿತು.

ಹೊರಗಿನಿಂದ ತಂದ ಬೀಜವನ್ನು ಪರೀಕ್ಷಿಸದೆ ಬಿತ್ತಬಾರದೆಂದು ಇಪ್ಪತ್ತು ವರ್ಷದಿಂದ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು ನಾನು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಕಳೆ ಇಂದು ನಮ್ಮ ಹೊಲದ ಬದುಗಳಲ್ಲೆಲ್ಲ ಹಬ್ಬಿರುವುದನ್ನು ಉದಾಹರಣೆ ಕೊಟ್ಟು ಪಾಠ ಮಾಡಿದವನು. ಅದೇ ನಿಯಮ ನಮ್ಮ ಅಡುಗೆಮನೆಯ ಮೂಲೆಯಲ್ಲಿರುವ ಪ್ರಾಣಿಗೂ ಅನ್ವಯಿಸುತ್ತದೆಂಬುದು ನನಗೆ ಹೊಳೆಯಲಿಲ್ಲ.

ಪ್ರತ್ಯೇಕವಾಸ ಎಂದರೇನು?

ಹೊಸದಾಗಿ ಬಂದ ಪ್ರಾಣಿ ನೋಡುವುದಕ್ಕೆ ಆರೋಗ್ಯವಾಗಿದ್ದರೂ, ಅದರೊಳಗೆ ಅಡಗಿರಬಹುದಾದ ರೋಗ ಹೊರಬೀಳುವಷ್ಟು ಕಾಲ ಅದನ್ನು ಇತರ ಪ್ರಾಣಿಗಳ ಸಂಪರ್ಕವಿಲ್ಲದಂತೆ ಬೇರೆಯಾಗಿಡುವುದೇ ಪ್ರತ್ಯೇಕವಾಸ. ಇದು ಹೊಸ ಕ್ರಮವೇನೂ ಅಲ್ಲ. ಇಂದಿನ ಕ್ರೊಯೇಷಿಯಾ ದೇಶದ ಡುಬ್ರೋವ್ನಿಕ್ ಪಟ್ಟಣದವರು 1377ರಲ್ಲಿ ಪ್ಲೇಗ್ ಇರುವ ಊರುಗಳಿಂದ ಬಂದವರನ್ನು 30 ದಿನ ಬೇರೆಯಿರಿಸುವ ಕಟ್ಟಳೆ ಮಾಡಿದರು. ಮುಂದೆ ಈ ಅವಧಿ 40 ದಿನಗಳಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ಇರುವ ಮಾತಿನಿಂದಲೇ ಕ್ವಾರಂಟೈನ್ ಎಂಬ ಹೆಸರು ಬಂದಿದೆ. 2020ರ ಕೋವಿಡ್ ಕಾಲದಲ್ಲಿ ಈ ಮಾತು ನಮ್ಮ ಹಳ್ಳಿಹಳ್ಳಿಗೂ ಪರಿಚಯವಾಯಿತು.

ರೋಗಾಣು ದೇಹವನ್ನು ಹೊಕ್ಕ ದಿನದಿಂದ ಲಕ್ಷಣ ಕಾಣುವವರೆಗೆ ಕೆಲವು ದಿನಗಳು ಹಿಡಿಯುತ್ತವೆ. ಕೆಲವು ರೋಗಗಳಲ್ಲಿ ಲಕ್ಷಣ ಕಾಣುವ ಮೊದಲೇ ಪ್ರಾಣಿಯು ರೋಗವನ್ನು ಹರಡಲಾರಂಭಿಸುತ್ತದೆ. ಆದ್ದರಿಂದ "ಮರಿ ಚುರುಕಾಗಿದೆ, ಚೆನ್ನಾಗಿ ತಿನ್ನುತ್ತಿದೆ" ಎಂಬುದು ಅದನ್ನು ಒಳಗೆ ಬಿಡಲು ಸಾಕಾದ ಕಾರಣವಲ್ಲ.

ಹೊಸ ಮರಿಯೊಡನೆ ಬರಬಹುದಾದ ರೋಗಗಳು

1. ಪ್ಯಾನ್‌ಲ್ಯೂಕೋಪೀನಿಯಾ: ಇದು ಪಾರ್ವೋ ಜಾತಿಯ ವೈರಸ್ಸಿನಿಂದ ಬರುವ ನಂಜುರೋಗ. ನಮ್ಮ ಮನೆಯ ಮರಿಗಳನ್ನು ಕೊಂಡೊಯ್ದುದು ಇದೇ. ಸೋಂಕು ತಗುಲಿದ 2ರಿಂದ 10 ದಿನಗಳಲ್ಲಿ ಜ್ವರ, ಊಟ ಬಿಡುವುದು, ವಾಂತಿ, ಭೇದಿ, ಮಂಕುತನ ಕಾಣುತ್ತವೆ. ರಕ್ತದಲ್ಲಿನ ಬಿಳಿಯ ಕಣಗಳು ತೀವ್ರವಾಗಿ ಕುಗ್ಗುವುದರಿಂದ ಮರಿಗೆ ರೋಗವನ್ನೆದುರಿಸುವ ಶಕ್ತಿಯೇ ಇಲ್ಲದಂತಾಗುತ್ತದೆ. ಲಸಿಕೆಯಿಲ್ಲದ ಎಳೆಯ ಮರಿಗಳಲ್ಲಿ ಸಾವು ಹೆಚ್ಚು. ಈ ವೈರಸ್ ಬುಟ್ಟಿ, ನೆಲ, ಬಟ್ಟೆ ಮುಂತಾದವುಗಳಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಚಪ್ಪಲಿ ಮತ್ತು ಕೈಗಳ ಮೂಲಕವೂ ಸಾಗುತ್ತದೆ.

2. ಬೆಕ್ಕಿನ ನೆಗಡಿ: ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ಎರಡು ವೈರಸ್‌ಗಳು ಇದಕ್ಕೆ ಮುಖ್ಯ ಕಾರಣ. ಸೀನು, ಮೂಗು ಸೋರುವುದು, ಕಣ್ಣಿನಲ್ಲಿ ಪಿಸುರು, ಬಾಯಿಹುಣ್ಣು ಇವು ಲಕ್ಷಣಗಳು. ಸಾಮಾನ್ಯವಾಗಿ ಎರಡು ವಾರಗಳ ಒಳಗೆ ಕಾಣಿಸಿಕೊಳ್ಳುತ್ತವೆ. ಗುಣವಾದ ಬೆಕ್ಕು ಕೂಡ ಬಹುಕಾಲ ರೋಗವಾಹಕವಾಗಿ ಉಳಿಯಬಹುದು.

3. ಹುಳುಕಡ್ಡಿ: ಇದು ಶಿಲೀಂಧ್ರದಿಂದ ಬರುವ ಚರ್ಮರೋಗ. ಕಿವಿ, ಮುಖ, ಕಾಲುಗಳಲ್ಲಿ ದುಂಡಗೆ ಕೂದಲುದುರಿ ಹೊಟ್ಟು ಏಳುತ್ತದೆ. ಒಂದರಿಂದ ಮೂರು ವಾರಗಳಲ್ಲಿ ಕಾಣುತ್ತದೆ. ಮರಿಯನ್ನು ಎತ್ತಿ ಆಡಿಸುವ ಮಕ್ಕಳಿಗೂ ಅಂಟುತ್ತದೆ.

4. ಚಿಗಟ, ಕಿವಿನುಸಿ ಮತ್ತು ಕಜ್ಜಿ: ಕಿವಿಯೊಳಗೆ ಕಾಫಿಪುಡಿಯಂತಹ ಕಪ್ಪು ಕೊಳೆ ಇದ್ದರೆ ನುಸಿಯೆಂದು ಶಂಕಿಸಬೇಕು. ಕಿವಿಯಂಚು ಮತ್ತು ಮುಖದಲ್ಲಿ ದಪ್ಪನಾದ ಹಕ್ಕಳೆ ಕಟ್ಟಿದ್ದರೆ ಅದು ಕಜ್ಜಿಯಾಗಿರಬಹುದು.

5. ಜಂತುಹುಳುಗಳು: ದುಂಡು ಹುಳುವಿನ ಮರಿಗಳು ತಾಯಿಯ ಹಾಲಿನ ಮೂಲಕವೇ ಸೇರುವುದರಿಂದ ಬೀದಿಯ ಮರಿಗಳಲ್ಲಿ ಇವು ಬಹಳ ಸಾಮಾನ್ಯ. ಹೊಟ್ಟೆ ಉಬ್ಬಿ ಬೆನ್ನು ಬಡಕಲಾಗಿರುತ್ತದೆ.

6. ಟಾಕ್ಸೋಪ್ಲಾಸ್ಮಾ: ಇದು ಕುರಿ ಮೇಕೆ ಸಾಕುವವರು ವಿಶೇಷವಾಗಿ ತಿಳಿಯಬೇಕಾದ ಸೋಂಕು. ಮೊದಲ ಬಾರಿ ಸೋಂಕಿಗೊಳಗಾದ ಮರಿಯ ಮಲದಲ್ಲಿ ಈ ಪರೋಪಜೀವಿಯ ಸೂಕ್ಷ್ಮ ಕೋಶಗಳು ಹೊರಬೀಳುತ್ತವೆ. ಅವು ಮೇವು, ನೀರುಗಳಲ್ಲಿ ಸೇರಿದರೆ ಗಬ್ಬದ ಕುರಿ ಮೇಕೆಗಳು ಕಂದು ಹಾಕಬಹುದು. ಗರ್ಭಿಣಿ ಸ್ತ್ರೀಯರಿಗೂ ಅಪಾಯವುಂಟು.

ಪ್ರತ್ಯೇಕ ಕೋಣೆಯ ಸಿದ್ಧತೆ

ಬಾಗಿಲು ಭದ್ರವಾಗಿ ಹಾಕಿಕೊಳ್ಳುವ, ಗಾಳಿ ಬೆಳಕಿರುವ ಸಣ್ಣ ಕೋಣೆಯನ್ನು ಆರಿಸಬೇಕು. ಸಿಮೆಂಟಿನ ಇಲ್ಲವೆ ಕಲ್ಲುಚಪ್ಪಡಿಯ ನೆಲವಿದ್ದರೆ ಉತ್ತಮ. ಸಗಣಿ ಸಾರಿಸಿದ ಮಣ್ಣಿನ ನೆಲದಲ್ಲಿ ಸೇರಿದ ವೈರಸ್ಸನ್ನು ತೆಗೆಯುವುದು ಕಷ್ಟ. ಕೀಟನಾಶಕ, ಗೊಬ್ಬರ, ಇಲಿಪಾಷಾಣ ಇಟ್ಟಿರುವ ಕೋಣೆ ಖಂಡಿತ ಕೂಡದು. ಕೋಣೆಯಿಲ್ಲದವರು ಬಚ್ಚಲುಮನೆಯ ಒಂದು ಭಾಗವನ್ನಾಗಲಿ, ಮನೆಯ ಬೆಕ್ಕುಗಳು ಸುಳಿಯದ ಜಗಲಿಯ ಮೂಲೆಯಲ್ಲಿ ದೊಡ್ಡ ತಂತಿಜಾಲದ ಗೂಡನ್ನಾಗಲಿ ಬಳಸಬಹುದು. ಗೂಡಿಡುವಲ್ಲಿ ಇತರ ಬೆಕ್ಕುಗಳು ಎರಡು ಮಾರಿಗಿಂತ ಹತ್ತಿರ ಬಾರದಂತೆ ನೋಡಿಕೊಳ್ಳಬೇಕು. ಸೀನಿನ ಹನಿಗಳು ಒಂದೆರಡು ಗಜ ಹಾರುತ್ತವೆ.

ಕೋಣೆಯಲ್ಲಿ ಇರಬೇಕಾದ ಸಾಮಗ್ರಿ:

ರಟ್ಟಿನ ಪೆಟ್ಟಿಗೆ ಮತ್ತು ಹಳೆಯ ಹತ್ತಿಬಟ್ಟೆ. ಅವಧಿ ಮುಗಿದ ಮೇಲೆ ಇವನ್ನು ಸುಟ್ಟುಬಿಡಬಹುದು.
ಊಟಕ್ಕೆ ಮತ್ತು ನೀರಿಗೆ ಬೇರೆ ಬೇರೆ ಸ್ಟೀಲ್ ಬಟ್ಟಲು.
ಮಲಮೂತ್ರಕ್ಕೆ ಮರಳು ತುಂಬಿದ ಹಳೆಯ ಬಾಂಡ್ಲಿ ಅಥವಾ ಅಗಲವಾದ ತಟ್ಟೆ.
ಆ ಕೋಣೆಗೆಂದೇ ಒಂದು ಪೊರಕೆ, ಒಂದು ಜೊತೆ ಚಪ್ಪಲಿ, ಒಂದು ಹಳೆಯ ಅಂಗಿ.
ಬಾಗಿಲ ಹೊರಗೆ ನೀರು ಮತ್ತು ಸೋಪು.

ಎಷ್ಟು ದಿನ?

ಕನಿಷ್ಠ ಎರಡು ವಾರ ಅಗತ್ಯ. ಮೂರರಿಂದ ನಾಲ್ಕು ವಾರ ಇಟ್ಟರೆ ಹುಳುಕಡ್ಡಿಯೂ ಹೊರಬೀಳುವುದರಿಂದ ಹೆಚ್ಚು ಸುರಕ್ಷಿತ. ಮನೆಯಲ್ಲಿ ಲಸಿಕೆಯಾಗದ ಬೆಕ್ಕು ಅಥವಾ ಎಳೆಯ ಮರಿಗಳಿದ್ದರೆ ನಾಲ್ಕು ವಾರವೇ ಇರಲಿ. ನಡುವೆ ಯಾವುದೇ ರೋಗಲಕ್ಷಣ ಕಂಡರೆ ಹಿಂದಿನ ದಿನಗಳ ಲೆಕ್ಕವನ್ನು ಬಿಟ್ಟು, ಪೂರ್ಣ ಗುಣವಾದ ಮೇಲೆ ಪಶುವೈದ್ಯರ ಸಲಹೆಯಂತೆ ಹೊಸದಾಗಿ ಎಣಿಸಬೇಕು.

ದಿನನಿತ್ಯದ ಕ್ರಮ

ಯಾವಾಗಲೂ ಮನೆಯ ಬೆಕ್ಕುಗಳಿಗೆ ಮೊದಲು ಊಟ ಹಾಕಿ, ಅನಂತರ ಹೊಸ ಮರಿಯ ಕೆಲಸ ಮಾಡಬೇಕು. ಆರೋಗ್ಯವಂತ ಬೆಳೆಯ ತಾಕಿನಲ್ಲಿ ಕೆಲಸ ಮುಗಿಸಿ ಕೊನೆಗೆ ರೋಗದ ತಾಕಿಗೆ ಹೋಗುವಂತೆಯೇ ಇದು. ಮರಿಯನ್ನು ನೋಡಿಕೊಳ್ಳುವ ಹೊಣೆ ಮನೆಯಲ್ಲಿ ಒಬ್ಬರದೇ ಆಗಿರಲಿ. ಕೋಣೆಯಿಂದ ಹೊರಬಂದ ಕೂಡಲೇ ಅಂಗಿ, ಚಪ್ಪಲಿ ಬದಲಿಸಿ, ಕೈಗಳನ್ನು ಮೊಣಕೈವರೆಗೆ ಸೋಪಿನಿಂದ ತೊಳೆಯಬೇಕು. ಬಟ್ಟಲುಗಳನ್ನು ಬೇರೆಯಾಗಿ ತೊಳೆಯತಕ್ಕದ್ದು.

ಮಲವನ್ನು ದಿನಕ್ಕೆ ಒಂದು ಬಾರಿಯಾದರೂ ತೆಗೆಯಬೇಕು. ಟಾಕ್ಸೋಪ್ಲಾಸ್ಮಾ ಕೋಶಗಳು ಹೊರಬಿದ್ದ ಮೇಲೆ ಸೋಂಕುಕಾರಿಯಾಗಲು ಒಂದರಿಂದ ಐದು ದಿನ ಬೇಕಾಗುವುದರಿಂದ, ದಿನವೂ ತೆಗೆದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಬಾವಿ, ತರಕಾರಿ ಮಡಿ, ಮೇವಿನ ಬಣವೆಗಳಿಂದ ದೂರದಲ್ಲಿ ಗುಂಡಿ ತೆಗೆದು ಆಳವಾಗಿ ಹೂಳಬೇಕು. ತಿಪ್ಪೆಗೆ ಹಾಕಬಾರದು. ಗರ್ಭಿಣಿಯರು ಈ ಕೆಲಸ ಮಾಡಬಾರದು.

ದಿನವೂ ಒಂದೇ ಹೊತ್ತಿಗೆ ಮರಿಯನ್ನು ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಬೆಳೆಯುವ ಮರಿ ವಾರಕ್ಕೆ ಸುಮಾರು 100 ಗ್ರಾಂ ಹೆಚ್ಚಬೇಕು. ತೂಕ ನಿಂತರೆ ಅಥವಾ ಇಳಿದರೆ, ಬೇರೆ ಲಕ್ಷಣ ಕಾಣುವ ಮೊದಲೇ ಎಚ್ಚರ ವಹಿಸಬಹುದು.

ಆಹಾರ

ಹಸುವಿನ ಹಾಲು ಹಲವು ಮರಿಗಳಿಗೆ ಒಗ್ಗದೆ ಭೇದಿಯಾಗುತ್ತದೆ. ಆಗ ಅದು ಹಾಲಿನ ಭೇದಿಯೋ ರೋಗದ ಭೇದಿಯೋ ತಿಳಿಯದೆ ಹೋಗುತ್ತದೆ. ಎರಡು ತಿಂಗಳು ತುಂಬಿದ ಮರಿಗೆ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಬೆಂದ ಮೀನು, ಮೂಳೆಯಿಲ್ಲದ ಬೆಂದ ಕೋಳಿಮಾಂಸ, ಇಲ್ಲವೆ ಅಂಗಡಿಯಲ್ಲಿ ದೊರೆಯುವ ಮರಿಗಳ ಆಹಾರವನ್ನು ದಿನಕ್ಕೆ ನಾಲ್ಕು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೆಕ್ಕಿಗೆ ವಿಷಕಾರಿ. ಶುದ್ಧವಾದ ನೀರು ಸದಾ ಇರಬೇಕು. ಕಣ್ಣು ಬಿಡದ ಅಥವಾ ಹಲ್ಲು ಬಾರದ ಮರಿಯಾದರೆ ತಡಮಾಡದೆ ಪಶುವೈದ್ಯರನ್ನು ಕೇಳಬೇಕು. ಅಂತಹ ಮರಿಗೆ ಆಹಾರಕ್ಕಿಂತ ಮೊದಲು ಬೆಚ್ಚಗಿರುವುದು ಮುಖ್ಯ. ತಣ್ಣಗಾದ ಮರಿಗೆ ಹಾಲು ಕುಡಿಸಬಾರದು.

ಚಿಕಿತ್ಸೆ ಮತ್ತು ಲಸಿಕೆ

ಮರಿಯನ್ನು ತಂದ ಒಂದೆರಡು ದಿನಗಳ ಒಳಗೆ ಪಶು ಆಸ್ಪತ್ರೆಗೆ ತೋರಿಸುವುದು ಅವಶ್ಯ. ಜಂತುಹುಳುವಿನ ಔಷಧವನ್ನು ತೂಕಕ್ಕೆ ತಕ್ಕಂತೆ ವೈದ್ಯರೇ ಕೊಡಬೇಕು. ಮರಿಗಳಿಗೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಹಲವು ಬಾರಿ ಕೊಡುತ್ತಾರೆ.

ಪ್ಯಾನ್‌ಲ್ಯೂಕೋಪೀನಿಯಾ ಮತ್ತು ನೆಗಡಿಯ ಎರಡು ವೈರಸ್‌ಗಳಿಗೆ ಸೇರಿ ಒಂದೇ ಲಸಿಕೆ ದೊರೆಯುತ್ತದೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆಯು ಮರಿಯ ದೇಹದಲ್ಲಿರುವಷ್ಟು ಕಾಲ ಲಸಿಕೆಯನ್ನು ನಿಷ್ಫಲಗೊಳಿಸುತ್ತದೆ. ಆ ರಕ್ಷಣೆ ಯಾವ ವಾರ ಮುಗಿಯುವುದೆಂಬುದು ಮರಿಯಿಂದ ಮರಿಗೆ ಬೇರೆಯಾಗುವುದರಿಂದಲೇ ಹಲವು ಬಾರಿ ಹಾಕುವುದು. ಲಸಿಕೆಯಾದ ದಿನವೇ ರಕ್ಷಣೆ ಬಂದಿತೆಂದು ತಿಳಿದು ಮರಿಯನ್ನು ಹೊರಗೆ ಬಿಡಬಾರದು. ಹುಚ್ಚುರೋಗದ ಲಸಿಕೆಯನ್ನು ಮೂರು ತಿಂಗಳು ತುಂಬಿದ ಮೇಲೆ ಹಾಕಿಸಬೇಕು. ಮನೆಯ ಹಳೆಯ ಬೆಕ್ಕುಗಳಿಗೂ ಇವೇ ಲಸಿಕೆಗಳನ್ನು, ಸಾಧ್ಯವಾದರೆ ಹೊಸ ಮರಿ ಬರುವ ಮೊದಲೇ, ಹಾಕಿಸಿರುವುದು ಉತ್ತಮ ವಿಮೆ.

ಹುಚ್ಚುರೋಗ ಹೊರಬೀಳಲು ಕೆಲವೊಮ್ಮೆ ತಿಂಗಳುಗಳೇ ಬೇಕಾಗುವುದರಿಂದ ನಾಲ್ಕು ವಾರದ ಪ್ರತ್ಯೇಕವಾಸ ಅದಕ್ಕೆ ಖಾತರಿ ಕೊಡಲಾರದು. ಬೀದಿಯ ಮರಿ ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಚಿಕ್ಕ ಮರಿಯೆಂದು ಉದಾಸೀನ ಮಾಡಬಾರದು. ಅರಿಸಿನ, ಸುಣ್ಣ, ಕಾರದಪುಡಿ ಹಚ್ಚಬಾರದು.

ಬೆಕ್ಕಿಗೆ ಬಳಸಬಾರದ ವಸ್ತುಗಳು

ರೈತರ ಮನೆಯಲ್ಲಿ ಸುಲಭವಾಗಿ ಕೈಗೆ ಸಿಗುವ ಕೆಲವು ವಸ್ತುಗಳು ಬೆಕ್ಕಿನ ಪ್ರಾಣಕ್ಕೆ ಕುತ್ತು. ಬೆಕ್ಕಿನ ಪಿತ್ತಜನಕಾಂಗಕ್ಕೆ ಇವುಗಳಲ್ಲಿ ಹಲವನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ.

ಫಿನೈಲ್: ಒರೆಸಿದ ನೆಲದ ಮೇಲೆ ನಡೆದು ಕಾಲು ನೆಕ್ಕಿಕೊಂಡರೂ ತೊಂದರೆಯಾಗಬಹುದು.
ಪ್ಯಾರಸಿಟಮಾಲ್: ಜ್ವರಕ್ಕೆಂದು ಕೊಟ್ಟ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.
ದನಗಳ ಉಣ್ಣೆಗೆ, ನಾಯಿಗಳ ಚಿಗಟಕ್ಕೆ ಹಚ್ಚುವ ಔಷಧ: ಪರ್ಮೆತ್ರಿನ್ ಮತ್ತು ಅದೇ ವರ್ಗದ ಔಷಧಗಳಿಂದ ಬೆಕ್ಕಿಗೆ ನಡುಕ, ಸೆಳವು ಬರುತ್ತವೆ.
ಇಲಿಪಾಷಾಣ: ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕಿಗೂ ವಿಷವೇರಬಹುದು. ಬೆಕ್ಕಿರುವ ಮನೆಯಲ್ಲಿ ಬೋನುಗಳನ್ನು ಬಳಸುವುದು ಒಳಿತು.

ಕೋಣೆಯನ್ನು ಶುದ್ಧಿ ಮಾಡುವ ವಿಧಾನ

ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಸಾಮಾನ್ಯ ಸೋಪಿಗೆ ಸಾಯುವುದಿಲ್ಲ. ಬ್ಲೀಚಿಂಗ್ ಪುಡಿ ಇದಕ್ಕೆ ಸುಲಭವಾದ ಮತ್ತು ಅಗ್ಗದ ಸಾಧನ. ಶೇಕಡ 30ರಷ್ಟು ಕ್ಲೋರಿನ್ ಇರುವ ಹೊಸ ಪುಡಿಯಾದರೆ 10 ಲೀಟರ್ ನೀರಿಗೆ 70 ಗ್ರಾಂ ಬೆರೆಸಬೇಕು. ಮೊದಲು ಮರಿಯನ್ನು ಬೇರೆ ಕಡೆಗೆ ಸಾಗಿಸಿ, ನೆಲವನ್ನು ಸೋಪಿನ ನೀರಿನಿಂದ ಉಜ್ಜಿ ತೊಳೆದು ಕೊಳೆಯನ್ನೆಲ್ಲ ತೆಗೆಯಬೇಕು. ಕೊಳೆಯಿದ್ದಲ್ಲಿ ಕ್ಲೋರಿನ್ನಿನ ಶಕ್ತಿ ಕುಂದುತ್ತದೆ. ಅನಂತರ ದ್ರಾವಣವನ್ನು ಹಾಕಿ ಕನಿಷ್ಠ 10 ನಿಮಿಷ ನೆಲ ಒದ್ದೆಯಾಗಿರುವಂತೆ ಬಿಟ್ಟು, ತೊಳೆದು, ಒಣಗಿಸಬೇಕು. ಬಾಗಿಲು ಕಿಟಕಿಗಳನ್ನು ತೆರೆದಿಡಬೇಕು. ದ್ರಾವಣವನ್ನು ಆ ದಿನವೇ ಬಳಸಬೇಕು. ಆಸಿಡ್ಡಿನೊಂದಿಗೆ ಎಂದೂ ಬೆರೆಸಬಾರದು. ರೋಗದಿಂದ ಮರಿ ಸತ್ತಿದ್ದರೆ ಬುಟ್ಟಿ, ಗೋಣಿ, ಬಟ್ಟೆಗಳನ್ನು ಸುಡುವುದೇ ಸರಿ. ಮಣ್ಣಿನ ನೆಲವಾದರೆ ಒಂದು ವರ್ಷ ಲಸಿಕೆಯಿಲ್ಲದ ಮರಿಯನ್ನು ಅಲ್ಲಿಗೆ ತರದಿರುವುದು ಕ್ಷೇಮ.

ಮನೆಯ ಬೆಕ್ಕುಗಳೊಡನೆ ಸೇರಿಸುವುದು

ಅವಧಿ ಮುಗಿದ ಕೂಡಲೇ ಮರಿಯನ್ನು ನಡುಮನೆಗೆ ತಂದು ಬಿಟ್ಟರೆ ಕಾದಾಟವಾಗುತ್ತದೆ. ಬೆಕ್ಕು ವಾಸನೆಯಿಂದ ಪರಿಚಯ ಮಾಡಿಕೊಳ್ಳುವ ಪ್ರಾಣಿ. ಆದ್ದರಿಂದ ಮರಿ ನಿರೋಗಿಯೆಂದು ಖಚಿತವಾದ ಮೇಲೆ, ಮೊದಲ ಎರಡು ಮೂರು ದಿನ ಒಂದರ ಹಾಸಿಗೆಯ ಬಟ್ಟೆಯನ್ನು ಇನ್ನೊಂದರ ಬಳಿ ಇಡಬೇಕು. ಅನಂತರ ಮುಚ್ಚಿದ ಬಾಗಿಲಿನ ಎರಡು ಬದಿಗಳಲ್ಲಿ ಒಂದೇ ಹೊತ್ತಿಗೆ ಊಟ ಹಾಕಬೇಕು. ಮುಂದೆ ತಂತಿಜಾಲದ ಮೂಲಕ ಪರಸ್ಪರ ಕಾಣುವಂತೆ ಮಾಡಿ, ಗುರುಗುಟ್ಟುವುದು ಕಡಿಮೆಯಾದ ಮೇಲೆ ನಮ್ಮ ಎದುರಿನಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷ ಬಿಡಬೇಕು. ಒಂದೆರಡು ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ತಟ್ಟೆಗಳು ಮಾತ್ರ ಕೊನೆಯವರೆಗೂ ಬೇರೆಯಿರಲಿ. ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮುಂದೆ ರಸ್ತೆಯ ಪಾಲಾಗುವ ಮರಿಗಳ ಸಂಖ್ಯೆಯೇ ಕಡಿಮೆಯಾಗುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಹೊಸ ಮರಿಗೆ ಮೊದಲ ದಿನದಿಂದಲೇ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಮರಳು.
2. ಎರಡು ವಾರಕ್ಕೆ ಕಡಿಮೆಯಿಲ್ಲ, ನಾಲ್ಕು ವಾರವಾದರೆ ಉತ್ತಮ.
3. ಹಳೆಯ ಬೆಕ್ಕಿನ ಕೆಲಸ ಮೊದಲು, ಹೊಸ ಮರಿಯ ಕೆಲಸ ಕೊನೆಗೆ.
4. ವಾಂತಿ, ಭೇದಿ, ಊಟ ಬಿಡುವುದು, ತೂಕ ಇಳಿಯುವುದು ಕಂಡರೆ ಅದೇ ದಿನ ಪಶುವೈದ್ಯರ ಬಳಿಗೆ.
5. ಫಿನೈಲ್ ಬೇಡ, ಬ್ಲೀಚಿಂಗ್ ಪುಡಿ ಸಾಕು.
6. ಲಸಿಕೆ ಹೊಸ ಮರಿಗೂ ಬೇಕು, ಹಳೆಯ ಬೆಕ್ಕಿಗೂ ಬೇಕು.

ವಿಸ್ತರಣಾ ಕಾರ್ಯಕರ್ತರು ಇದನ್ನು ಬೆಕ್ಕಿಗಷ್ಟೇ ಸೀಮಿತವೆಂದು ತಿಳಿಯಬೇಕಾಗಿಲ್ಲ. ಸಂತೆಯಿಂದ ಕೊಂಡು ತಂದ ಕುರಿ, ಮೇಕೆ, ಹಸು, ಕೋಳಿಗಳಿಗೂ ಮೂಲ ನಿಯಮ ಇದೇ. ದಿನಗಳ ಲೆಕ್ಕ ಮತ್ತು ಲಸಿಕೆ ಮಾತ್ರ ಬೇರೆ. ಮಕ್ಕಳಿಗೆ ಬೆಕ್ಕಿನ ಮರಿಯ ಮೂಲಕ ಈ ಅಭ್ಯಾಸವನ್ನು ಕಲಿಸಿದರೆ, ನಾಳೆ ಅವರು ಹಿಂಡಿಗೆ ಹೊಸ ಕುರಿ ತಂದಾಗ ಹೇಳಿಕೊಡಬೇಕಾಗುವುದಿಲ್ಲ. ನಮ್ಮ ಮನೆಗೆ 2018ರಲ್ಲಿ ಬಂದ ಮರಿ ಹಿತ್ತಲಿನ ಕೋಣೆಯಲ್ಲಿ ಇಪ್ಪತ್ತೆಂಟು ದಿನ ಕಳೆದು ಒಳಗೆ ಬಂದಿತು. ದಿನವೂ ತೂಕ ಬರೆದಿಟ್ಟವನು ನನ್ನ ಮಗನೇ. ಅನಂತರ ಹಲವು ವರ್ಷ ಆ ಬೆಕ್ಕು ನಮ್ಮ ಕಣಜದ ಕಾವಲು ಕಾಯಿತು.